ಹಲ್ಲಿಗೆ ಮಾತ್ರ ಗೊತ್ತಾಗುವ ಪಾಕ

ಹಲ್ಲಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಡಾಕ್ಟರಮ್ಮನ ಪಕ್ಕ ನಿಂತು ಟ್ರೇ ಹಿಡಿಯುವವಳು ನಾನು. ಎಂತೆಂಥವರ ಬಾಯಿ ತೆರೆಸಿ ಬುದ್ಧಿ ಹೇಳಿದ್ದೇನೆ. ನಮ್ಮತ್ತೆಯ ಮುಂದೆ ಮಾತ್ರ ನನ್ನದೇನೂ ನಡೆಯುವುದಿಲ್ಲ.

ರಜೆಗೆ ಎರಡು ದಿನ ಮೊದಲು ಅತ್ತೆಯ ಬಲಗಡೆಯ ದವಡೆ ಹಲ್ಲಿಗೆ ರೂಟ್ ಕೆನಾಲ್ ಮುಗಿದು ತಾತ್ಕಾಲಿಕ ಕ್ಯಾಪ್ ಕೂತಿತ್ತು. ಅಸಲಿ ಕ್ಯಾಪ್ ಬರುವುದು ರಜೆ ಮುಗಿದ ಮೇಲೆ. "ಒಳಗೆ ಹಲ್ಲು ಮೊಟ್ಟೆ ಚಿಪ್ಪಿನ ಥರ ಇದೆ. ಗಟ್ಟಿ ಕಡಿದ್ರೆ ಸೀಳುತ್ತೆ, ಅಂಟೋದು ತಿಂದ್ರೆ ಕ್ಯಾಪ್ ಕಿತ್ಕೊಂಡು ಬರುತ್ತೆ. ಸೀಳಿದ್ರೆ ಆಮೇಲೆ ಕೀಳೋದೇ," ಎಂದಿದ್ದರು ಡಾಕ್ಟರಮ್ಮ. ಎಡಗಡೆಯ ದವಡೆ ಖಾಲಿಯಾಗಿ ಐದು ವರ್ಷವಾಗಿದೆ. ಇದೂ ಹೋದರೆ ಅತ್ತೆಗೆ ಗಂಜಿಯೇ ಗತಿ. ಈ ಒಂದು ಹಲ್ಲು ಉಳಿಸಲು ನಾಲ್ಕು ಸಲ ಅವರನ್ನು ಕೈ ಹಿಡಿದು ಎಳೆದುಕೊಂಡು ಹೋಗಿದ್ದೇನೆ. ಪ್ರತಿ ಸಲವೂ ಮೆಟ್ಟಿಲ ಹತ್ತಿರ ಅವರಿಗೆ ಮಂಡಿನೋವು ಶುರುವಾಗುತ್ತಿತ್ತು.

ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಗಟ್ಟಿ ಮಿಠಾಯಿ. ಸಕ್ಕರೆ, ಬೆಣ್ಣೆ, ಬಾದಾಮಿ, ಮೂವತ್ತು ವರ್ಷದಿಂದ ಅತ್ತೆಯ ಕೈಯದೇ. ನಾದಿನಿ ತನ್ನ ಗಂಡ ಮಕ್ಕಳ ಸಮೇತ ಬರುವುದೇ ಅದಕ್ಕೆ. ಪಾಕ ಬಂತೋ ಇಲ್ಲವೋ ಎಂದು ಅತ್ತೆ ನೋಡುವ ರೀತಿಯೇ ಬೇರೆ. ತಟ್ಟೆ ಮೇಲೆ ಒಂದು ಹನಿ ಬಿಟ್ಟು, ಆರಿಸಿ, ದವಡೆಗೆ ಕೊಟ್ಟು ಕಡಿಯುತ್ತಾರೆ. ಟಕ್ ಎಂದರೆ ಇಳಿಸುವುದು, ಅಂಟಿದರೆ ಇನ್ನೂ ಕುದಿಸುವುದು.

"ತಣ್ಣೀರಿಗೆ ಹಾಕಿ ಬೆರಳಲ್ಲಿ ಮುರಿದು ನೋಡಿ ಅತ್ತೆ, ಲೋಕವೆಲ್ಲ ಹಾಗೇ ಮಾಡುತ್ತೆ," ಎಂದೆ ಈ ಸಲ.

"ಬೆರಳಿಗೇನು ಗೊತ್ತಾಗುತ್ತೆ? ಹಲ್ಲಿಗೆ ಗೊತ್ತಾಗಬೇಕು."

"ಹಲ್ಲು ಮುಟ್ಟಿದ್ರೆ ನೋಡಿ ಮತ್ತೆ!"

"ಹಾಗಾದ್ರೆ ನೀನು ಕಡಿ. ನಾನು ಕೇಳಿಸ್ಕೋತೀನಿ."

ಗಂಡನನ್ನು ಕರೆದರೆ "ನಂಗೆ ಫಿಲ್ಲಿಂಗ್ ಇದೆಯಪ್ಪಾ" ಎಂದು ಜಾರಿಕೊಂಡರು. ಎಲ್ಲದಕ್ಕೂ ನಾನೇ ಬೇಕಲ್ಲ. ನಾನು ಹನಿ ಬಾಯಿಗೆ ಹಾಕಿಕೊಳ್ಳುವುದು, ಅತ್ತೆ ನನ್ನ ಕೆನ್ನೆಗೆ ಕಿವಿ ಹಚ್ಚುವುದು. ಮೊದಲ ಹನಿ ಅಂಟಿತು. "ಇನ್ನೂ ಇಲ್ಲ." ಎರಡನೆಯದು, ಮೂರನೆಯದು. "ಉರಿ ಸಣ್ಣಗೆ ಇರಲಿ. ಅವಸರ ಮಾಡಬೇಡ." ಐದನೆಯದಕ್ಕೂ ಅದೇ ಮಾತು. ಸೌಟು ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಗಿತ್ತು. ವರ್ಷವಿಡೀ ಕಂಡವರ ಹಲ್ಲು, ರಜೆಯಲ್ಲಿ ಮನೆಯವರ ಹಲ್ಲು. ನನಗೇನು ಬೇರೆ ಬದುಕಿಲ್ಲವೇ? ತಲೆ ಚಿಟ್ಟು ಹಿಡಿಯಿತು.

ಆರನೆಯ ಹನಿಯನ್ನು ನಾಲಿಗೆಯಿಂದ ಕೆನ್ನೆಯ ಸಂದಿಗೆ ತಳ್ಳಿದೆ. ಖಾಲಿ ಹಲ್ಲನ್ನೇ ಹಲ್ಲಿಗೆ ಜೋರಾಗಿ ಬಡಿದೆ. ಟಕ್.

"ಬಂತು! ಇಳಿಸು ಇಳಿಸು," ಎಂದರು ಅತ್ತೆ. ಅವರ ಮುಖ ಅರಳಿತು. ನಾನು ಒಲೆ ಆರಿಸಿ ಹೋಗಿ ಮಲಗಿಬಿಟ್ಟೆ.

ಮರುದಿನ ನಾದಿನಿಯ ಸಂಸಾರ ಬಂತು. ಅತ್ತೆ ತಟ್ಟೆ ತಂದು, ಎಂದಿನಂತೆ ಸಣ್ಣ ಸುತ್ತಿಗೆಯಿಂದ ಬಡಿದರು. ಮಿಠಾಯಿ ಒಡೆಯಲಿಲ್ಲ. ಸುತ್ತಿಗೆಯೇ ಅಂಟಿಕೊಂಡಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ನಾದಿನಿಯ ಗಂಡ ಒಂದು ತುಂಡು ಬಾಯಿಗೆ ಹಾಕಿಕೊಂಡು, ದವಡೆ ಬಿಡಿಸಲಾಗದೆ ಕಣ್ಣು ಕಣ್ಣು ಬಿಟ್ಟರು.

"ಹೋಗ್ಲಿ ಬಿಡಮ್ಮ, ವಯಸ್ಸಾಯ್ತಲ್ಲ ನಿಂಗೂ," ಎಂದಳು ನಾದಿನಿ. "ಮುಂದಿನ ಸಲ ಅಂಗಡಿಯಿಂದ ತರೋಣ."

ಅತ್ತೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ನಿನ್ನೆಯ ಟಕ್ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ನೀರಿಗೆಂದು ಹೋದೆ. ಅತ್ತೆ ನನ್ನ ಕಡೆ ಬೆನ್ನು ಮಾಡಿ ನಿಂತು ಏನನ್ನೋ ಅಗಿಯುತ್ತಿದ್ದರು.

"ಅತ್ತೆ! ಉಗೀರಿ ಮೊದಲು!"

ಅವರು ಅಂಗೈಗೆ ಉಗಿದರು. ಮಿಠಾಯಿಯ ಮುದ್ದೆಯಲ್ಲಿ ಕ್ಯಾಪ್ ಹೂತುಕೊಂಡಿತ್ತು.

"ಎಷ್ಟು ಸಲ ಬಡ್ಕೊಂಡೆ ನಿಮಗೆ? ರಜೆ ಮುಗಿಯೋವರೆಗೆ ನಾಲಿಗೆ ಕಟ್ಕೊಂಡಿರೋಕೆ ಆಗಲ್ವಾ?" ಎಂದು ಕೂಗಾಡುತ್ತಲೇ ಫೋನಿನ ಬೆಳಕು ಬಿಟ್ಟು ಬಾಯಿ ನೋಡಿದೆ. ಹಲ್ಲು ಸೀಳಿರಲಿಲ್ಲ. ಹೋದ ಜೀವ ಬಂದಂತಾಯಿತು.

"ತಿನ್ನೋ ಆಸೆಗಲ್ಲ ಕಣೆ," ಎಂದರು ಅತ್ತೆ. ದನಿ ಇಷ್ಟೇ ಇಷ್ಟು. "ಎಲ್ಲಿ ತಪ್ಪಿದೆ ಅಂತ ನೋಡ್ತಿದ್ದೆ. ನಿನ್ನೆ ಸದ್ದು ಸರಿಯಾಗೇ ಕೇಳಿಸ್ತು. ಹಲ್ಲಂತೂ ಹೋಯ್ತು, ಈಗ ಕಿವೀನೂ ಹೋಯ್ತೇನೋ. ಇನ್ಮೇಲೆ ಮಾಡಲ್ಲ ಬಿಡು."

ನಾನು ಉಗುರುಬೆಚ್ಚಗಿನ ನೀರಿನಲ್ಲಿ ಕ್ಯಾಪ್ ತೊಳೆಯುತ್ತ ನಿಂತೆ. ತೊಳೆದದ್ದನ್ನೇ ತೊಳೆದೆ. ನಾಚಿಕೆಯಿಂದ ಸತ್ತುಹೋಗುವಂತಾಗಿತ್ತು, ಅದರ ಮೇಲೆ ಸಿಟ್ಟು ಬೇರೆ. ಯಾರ ಮೇಲೆ ಎಂದು ಕೇಳಬೇಡಿ.

"ನಿಮ್ಮ ಕಿವಿಗೆ ಏನೂ ಆಗಿಲ್ಲ ಅತ್ತೆ," ಎಂದೆ. "ಹನಿ ಕೆನ್ನೇಲಿತ್ತು. ನಾನು ಬರೀ ಹಲ್ಲು ಬಡಿದೆ. ನಂಗೆ ಸಾಕಾಗಿತ್ತು."

ಅತ್ತೆ ನನ್ನನ್ನೇ ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಅಂದ್ರೆ ನಂಗೆ ಸರಿಯಾಗೇ ಕೇಳಿಸ್ತು."

"ಹೂಂ."

"ಕ್ಯಾಪ್ ಎತ್ತಿಡು. ಡಾಕ್ಟರಮ್ಮಂಗೆ ಫೋನ್ ಮಾಡಿ ಏನು ಮಾಡಬೇಕು ಕೇಳು. ಅಲ್ಲಿವರೆಗೆ ನಂಗೆ ಗಂಜಿ ಸಾಕು." ತಟ್ಟೆಯಲ್ಲಿದ್ದ ಮಿಠಾಯಿಯನ್ನೆಲ್ಲ ಕೆರೆದು ಪಾತ್ರೆಗೆ ಹಾಕಿ, ಒಲೆ ಹಚ್ಚಿದರು. "ಇನ್ನೂ ಕುದೀಬೇಕು ಇದು. ಈ ಸಲ ನಿಜವಾಗಿ ಕಡಿ. ಮೊದಲು ಹೋಗಿ ಅವಳನ್ನ ಕರ್ಕೊಂಡು ಬಾ, ವಯಸ್ಸಾಯ್ತು ಅಂದಳಲ್ಲ."

"ಅವಳಿಗೆ ಏನು ಹೇಳ್ತೀರಿ?"

"ನಾನ್ಯಾಕೆ ಹೇಳ್ಲಿ?" ಎಂದರು ಅತ್ತೆ, ಸೌಟು ತಿರುಗಿಸುತ್ತ. "ನೀನು ಹೇಳ್ತೀಯ."