ನೀರುಬಾಯಿ ಮನೆಯ ಟ್ರ್ಯಾಕ್ಟರ್

ನಮ್ಮ ತಾನಿಜಿರಿ ಹಳ್ಳಿಯಲ್ಲಿ ಯಾರೂ ಬೇಸಾಯ ಬಿಟ್ಟೆವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಟ್ರ್ಯಾಕ್ಟರ್ ಕೆಟ್ಟಿತು ಎನ್ನುತ್ತಾರೆ. ಹಳೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ, ಹೊಸದರ ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಆ ವರ್ಷದಿಂದ ಗದ್ದೆಯಲ್ಲಿ ಹುಲ್ಲು. ಹತ್ತೊಂಬತ್ತು ಮನೆಗಳು ಬತ್ತ ಬೆಳೆಯುತ್ತಿದ್ದ ಕಣಿವೆಯಲ್ಲಿ ಹೀಗೆ ಕೆಟ್ಟು ಕೆಟ್ಟು ನಾಲ್ಕು ಉಳಿದಿದ್ದವು.

ಮಾರ್ಚ್ ಕೊನೆಯಲ್ಲಿ ನಮ್ಮ ಟ್ರ್ಯಾಕ್ಟರ್‌ನ ಗೇರ್‌ಬಾಕ್ಸ್ ಒಡೆಯಿತು. ಎರಡು ಮನೆಯವರು ಬಂದು, ಸಾವಿನ ಮನೆಗೆ ಬಂದವರಂತೆ ತಲೆ ತಗ್ಗಿಸಿ ಟೀ ಕುಡಿದು ಹೋದರು. ನೀರುಬಾಯಿ ಮನೆಯ ತೊಕುಜಿ ಅಣ್ಣ ಮಾತ್ರ ಬರಲಿಲ್ಲ. ಹೊಳೆಯಿಂದ ಕಾಲುವೆ ಒಡೆಯುವ ಕಡೆ ಇರುವುದರಿಂದ ಅದು ನೀರುಬಾಯಿ ಮನೆ. ಅದರ ಕೆಳಗಿನ ನಮ್ಮದು ಕೆಳಮನೆ. ಮೇಲಿನವರು ಕೆಳಗಿನವರನ್ನು ಹೀಗೆ ಮರೆತರಲ್ಲ ಎಂದು ನನಗೆ ಸಿಟ್ಟೇ ಬಂದಿತ್ತು.

ನನ್ನ ಹೆಂಡತಿ ಕಿನುಯೊ ಪೋಸ್ಟಾಫೀಸಿನ ಪುಸ್ತಕ ತಂದು ನನ್ನ ಮುಂದಿಟ್ಟಳು.

"ಆರು ಲಕ್ಷ ಯೆನ್. ಅದಕ್ಕಿಂತ ಒಂದು ಯೆನ್ ಜಾಸ್ತಿ ಆದ್ರೂ ಬೇಡ. ಆಮೇಲೆ ಅಂಗಡಿ ಅಕ್ಕಿ ತಿನ್ನೋಣ."

"ನಾನು ಅಂಗಡಿ ಅಕ್ಕಿ ತಿನ್ನಲ್ಲ," ಎಂದೆ.

"ಹಾಗಾದ್ರೆ ಆರು ಲಕ್ಷದೊಳಗೆ ಹುಡುಕಿ."

ನಾಟಿಗೆ ಉಳಿದದ್ದು ಆರು ವಾರ. ಅಷ್ಟರಲ್ಲಿ ಯಂತ್ರ ಸಿಗದಿದ್ದರೆ ನನ್ನಪ್ಪ ಬಿಟ್ಟುಹೋದ ಗದ್ದೆ ನನ್ನ ಕೈಯಲ್ಲೇ ಕಾಡಾಗುತ್ತಿತ್ತು. ಮರುದಿನವೇ ಇಬ್ಬರೂ ಪಟ್ಟಣದ ಮುರೋಯಿಯ ಹಳೆ ಯಂತ್ರಗಳ ಅಂಗಳಕ್ಕೆ ಹೋದೆವು.

ಮುರೋಯಿ ಮೊದಲು ತೋರಿಸಿದ್ದು ಮಿರಿಮಿರಿ ಮಿಂಚುವ ಕೆಂಪು ಟ್ರ್ಯಾಕ್ಟರ್. ಐದೂವರೆ ಲಕ್ಷ. ಮುನ್ನೂರೇ ಗಂಟೆ ಓಡಿದೆ ಎಂದು ಮೀಟರ್ ತಟ್ಟಿ ತೋರಿಸಿದ. ನಾನು ಹಲ್ಲು ಕಿರಿದೆ. ಕಿನುಯೊ ಬಗ್ಗಿ ಪೆಡಲ್ ಮೇಲೆ ಬೆರಳಾಡಿಸಿದಳು. ಅದರ ಗೀರುಗಳೆಲ್ಲ ಸವೆದು ನುಣ್ಣಗಾಗಿದ್ದವು.

"ಮುರೋಯಿಯವರೇ, ಮುನ್ನೂರು ಗಂಟೆ ಓಡಿಸಿದವರು ಆನೆಯಾ?"

ಮುರೋಯಿ ಕೆಮ್ಮಿದ. ಎರಡನೆಯದು ಬಯಲುಸೀಮೆಯ ದೈತ್ಯ. ನಮ್ಮ ಮೆಟ್ಟಿಲು ಗದ್ದೆಯಲ್ಲಿ ಅದನ್ನು ತಿರುಗಿಸಲು ಹೋದರೆ ಕೆಳಗಿನವರ ಗದ್ದೆಯಲ್ಲಿ ಎದ್ದು ಕೂರಬೇಕು. ನಾನು ಬೇಸತ್ತು ಶೆಡ್ಡಿನ ಹಿಂದಕ್ಕೆ ಹೋದೆ. ಅಲ್ಲೊಂದಕ್ಕೆ ಟಾರ್ಪಾಲು ಹೊದಿಸಿತ್ತು.

"ಅದು ಈಗಷ್ಟೇ ಬಂದದ್ದು, ಯಜಮಾನ್ರೇ. ಇನ್ನೂ ತೊಳೆದಿಲ್ಲ," ಎನ್ನುತ್ತ ಮುರೋಯಿ ಓಡಿಬಂದ. ಅಷ್ಟರಲ್ಲಿ ನಾನು ಟಾರ್ಪಾಲು ಎತ್ತಿಬಿಟ್ಟಿದ್ದೆ.

ಇಪ್ಪತ್ತು ಕುದುರೆ ಶಕ್ತಿಯ ನೀಲಿ ಟ್ರ್ಯಾಕ್ಟರ್. ಬಾನೆಟ್‌ನ ಎಡಗಡೆ ಒಂದು ತಗ್ಗು. ಆ ತಗ್ಗು ಮಾಡಿದವನು ನಾನೇ. ಎಂಟು ವರ್ಷದ ಹಿಂದೆ ನೀರುಬಾಯಿ ಮನೆಯ ಅಂಗಳದಲ್ಲಿ ನನ್ನ ಪುಟ್ಟ ಟ್ರಕ್ ಹಿಂದಕ್ಕೆ ತೆಗೆಯುವಾಗ ಗುದ್ದಿದ್ದೆ. ಬೆಲೆಯ ಚೀಟಿಯಲ್ಲಿ ಐದು ಲಕ್ಷ ಎಂಬತ್ತು ಸಾವಿರ ಎಂದಿತ್ತು.

"ಕಿನುಯೊ," ಎಂದು ಕೂಗಿ ಆ ತಗ್ಗು ತೋರಿಸಿದೆ.

ಅವಳು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತೊಕುಜಿ ಅಣ್ಣನ ಟ್ರ್ಯಾಕ್ಟರ್! ನಮ್ಮ ಕಣಿವೆಯಲ್ಲಿ ಅವನಷ್ಟು ನೇರ ಸಾಲು ಹೊಡೆಯುವವನಿಲ್ಲ. ಒಮ್ಮೆ ಕಿನುಯೊ ತಾನೂ ಓಡಿಸುತ್ತೇನೆಂದಾಗ, ಮೇಲಿನ ಗದ್ದೆಯಲ್ಲಿ ಕಾಣುತ್ತಿದ್ದ ಅವನ ಟೊಪ್ಪಿಯನ್ನು ತೋರಿಸಿ, "ಆ ಸಾಲು ನೋಡು, ಅದಕ್ಕೆ ಗಂಡಸಿನ ಕೈ ಬೇಕು" ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಅಂಥವನು ಒಂದು ಮಾತೂ ಹೇಳದೆ ಯಂತ್ರ ಮಾರಿಬಿಟ್ಟನೇ? ಕಾಲುವೆಯ ತೂಬು ಎತ್ತುವವನು ಅವನು. ಅವನೇ ಬೇಸಾಯ ಬಿಟ್ಟರೆ ಉಳಿದ ಮೂರು ಮನೆಯವರು ಎರಡು ಕಿಲೋಮೀಟರ್ ಕಾಲುವೆಯ ಹೂಳು ಎತ್ತಿ ಉದ್ಧಾರವಾದ ಹಾಗೇ ಇತ್ತು.

"ಯಾರು ತಂದು ಮಾರಿದ್ರು?" ಎಂದು ಮುರೋಯಿಯನ್ನು ಕೇಳಿದೆ.

"ಯಾರಿಗೂ ಹೇಳಬೇಡಿ ಅಂದಿದ್ದಾರೆ," ಎಂದು ಅವನು ಟಾರ್ಪಾಲು ಎಳೆದ. "ಆದರೆ ಗಾಡಿ ಚಿನ್ನದಂಥದು. ಆರು ಲಕ್ಷದೊಳಗೆ ಇನ್ನೊಂದು ಇಂಥದು ಸಿಗಲ್ಲ."

ನಮಗೂ ಅದು ಗೊತ್ತಿತ್ತು. ಆದರೆ ನೆರೆಮನೆಯವನ ಗುಟ್ಟನ್ನು ಬೆಲೆಕೊಟ್ಟು ಮನೆಗೆ ತರುವುದು ಹೇಗೆ? ನಾಳೆ ಹೇಳುತ್ತೇವೆ ಎಂದು ಹೊರಟು, ಮನೆಗೂ ಹೋಗದೆ ನೇರ ನೀರುಬಾಯಿ ಮನೆಗೆ ಹತ್ತಿದೆವು. ದಾರಿಯುದ್ದಕ್ಕೂ ನಾನು ಅವನಿಗೆ ಬೈಯಬೇಕಾದ್ದನ್ನೆಲ್ಲ ಜೋಡಿಸಿಕೊಳ್ಳುತ್ತಿದ್ದೆ.

ತೊಕುಜಿ ಅಣ್ಣ ಕಾಲು ಕಾಯಿಸಲು ಒಳಗೆ ಬಿಸಿ ಇಟ್ಟು ಕಂಬಳಿ ಹೊದಿಸಿದ ಗಿಡ್ಡ ಮೇಜಿನ ಪಕ್ಕ ಕೂತಿದ್ದ. ಎಡಗಾಲು ದಿಂಬಿನ ಮೇಲಿತ್ತು. ಮೊಣಕಾಲಿನವರೆಗೆ ಬಿಳಿ ಬ್ಯಾಂಡೇಜು. ನಾನು ಅವನ ಮುಂದೆಯೇ ನಿಂತಿದ್ದೆ. ಅವನು ಮುಖವನ್ನು ಪಕ್ಕಕ್ಕೆ ವಾಲಿಸಿ, "ಯಾರು, ಕೆಳಮನೆಯವನಾ?" ಎಂದ.

ಜೋಡಿಸಿಕೊಂಡ ಬೈಗುಳವೆಲ್ಲ ಎಲ್ಲಿ ಹೋಯಿತೋ. "ಅಣ್ಣ, ನಿಮ್ಮ ಟ್ರ್ಯಾಕ್ಟರ್ ಮುರೋಯಿ ಹತ್ರ ನಿಂತಿದೆ," ಎಂದಷ್ಟೇ ಹೇಳಿದೆ.

ಅವನ ಹೆಂಡತಿ ಶಿಗೆನೊ ಅತ್ತಿಗೆ ಟೀ ಸುರಿಯುತ್ತಿದ್ದಳು. "ಮಾರಿದ್ದು ಇವರಲ್ಲ, ನಾನು," ಎಂದಳು.

"ನೀವಾ? ಅಣ್ಣ ಉಳೋದಕ್ಕೆ ಏನು ಮಾಡ್ತಾರೆ?"

"ಇವರು ಉಳುಮೆ ಮಾಡದೆ ಮೂರು ವರ್ಷ ಆಯ್ತು," ಎಂದಳು ಅತ್ತಿಗೆ. "ಕಣ್ಣಿನ ನಡುಭಾಗ ಹೋಗಿದೆ. ಅಂಚಲ್ಲಿ ಸ್ವಲ್ಪ ಮಬ್ಬಾಗಿ ಕಾಣ್ತದೆ, ಅಷ್ಟೇ."

ನಾನು ಅಲ್ಲೇ ಕುಳಿತುಬಿಟ್ಟೆ. "ಮೂರು ವರ್ಷ? ಹೋದ ವರ್ಷ ನಾನೇ ನೋಡಿದ್ದೀನಲ್ಲ! ಆ ಟೊಪ್ಪಿ, ಆ ಕೋಟು..."

"ಟೊಪ್ಪಿ ಇವರದು. ಕೋಟೂ ಇವರದೇ. ಒಳಗಿದ್ದವಳು ನಾನು."

ತೊಕುಜಿ ಅಣ್ಣ ಕಿಸಕ್ಕನೆ ನಕ್ಕ. "ನನ್ನ ಸಾಲು ಚೆನ್ನಾಗಿದೆ ಅಂತ ನೀನು ಹೊಗಳಿ ಹೋದಾಗಲೆಲ್ಲ ಇವಳು ಅಡುಗೆಮನೆಗೆ ಹೋಗಿ ನಗ್ತಿದ್ದಳು ಕಣೋ."

ಕಿನುಯೊ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ನೆಲದೊಳಗೆ ಇಳಿದುಹೋಗುತ್ತಿದ್ದೆ.

"ಮುಚ್ಚಿಟ್ಟದ್ದು ಯಾಕೆ?" ಎಂದೆ.

"ಕಣ್ಣು ಹೋಯ್ತು ಅಂದ್ರೆ ತೂಬಿನ ಕೆಲಸ ಬೇರೆಯವರ ಕೈಗೆ ಹೋಗ್ತಿತ್ತು," ಎಂದ ಅಣ್ಣ. "ನಮ್ಮಜ್ಜನ ಕಾಲದ ಕೆಲಸ. ತೂಬು ಎತ್ತೋಕೆ ಕಣ್ಣು ಯಾಕೆ ಬೇಕು? ನೀರು ಕಿವಿಗೇ ಕೇಳ್ತದೆ."

ಕಾಲಿಗೆ ಏನಾಯಿತೆಂದು ಕಿನುಯೊ ಕೇಳಿದಳು. ಅತ್ತಿಗೆ ಟೀ ಕೆಟಲ್ ಕೆಳಗಿಟ್ಟಳು.

"ಮೂಲೆಯಲ್ಲಿ ತಿರುಗಿಸೋಕೆ ಅಂತ ಹಿಂದಕ್ಕೆ ಹಾಕಿದೆ. ಆಗ ಹಿಂದೆ ಗರಗರ ತಿರುಗೋ ಅಲಗು ನಿಲ್ಲಿಸಬೇಕು. ನಿಲ್ಲಿಸಲಿಲ್ಲ. ಇವರು ಹಿಂದೆ ಕಲ್ಲು ಆರಿಸ್ತಾ ಬರ್ತಿದ್ರು. ಕಾಣಲ್ಲ ಅಲ್ವಾ, ಕಾಲಲ್ಲಿ ತಡವಿ ತಡವಿ ಆರಿಸ್ತಾರೆ. ಕೂಗಿದ್ರಂತೆ, ನನಗೆ ಕೇಳಲಿಲ್ಲ. ಯಂತ್ರದ ಸದ್ದು ಬದಲಾಯ್ತು ಅಂತ ತಿರುಗಿ ನೋಡಿದೆ. ಅಲಗಿಗೆ ಇವರ ರಬ್ಬರ್ ಬೂಟು ಸುತ್ತಿಕೊಂಡಿತ್ತು." ಟೀ ಕಪ್ಪುಗಳನ್ನು ನಮ್ಮತ್ತ ಸರಿಸಿ ಹೇಳಿದಳು. "ಅದರೊಳಗೆ ಕಾಲಿದೆಯೋ ಇಲ್ಲವೋ ಅಂತ ನನಗೆ ಗೊತ್ತಾಗಲಿಲ್ಲ."

"ಮೂರು ಬೆರಳು ಹೋಯ್ತು, ಅಷ್ಟೇ," ಎಂದ ಅಣ್ಣ. "ಇನ್ನೂ ಏಳಿವೆ."

"ಸಾಕು ಮಾಡಿ ನಿಮ್ಮ ತಮಾಷೆ!" ಎಂದು ಅತ್ತಿಗೆ ಕಿರುಚಿದಳು. ನಲವತ್ತು ವರ್ಷದಲ್ಲಿ ಅವಳು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಅವಳು ನಮ್ಮ ಕಡೆ ತಿರುಗಿದಳು. "ನೀವು ಅದನ್ನ ತಗೊಳ್ಳೋ ಹಾಗಿದ್ರೆ ತಗೊಳ್ಳಿ. ಅದರದೇನೂ ತಪ್ಪಿಲ್ಲ. ಅದರ ಸದ್ದು ಕೇಳಿದ್ರೂ ನಾನು ತಡಕೊಳ್ತೀನಿ. ಆದ್ರೆ ಒಂದು ಮಾತು ಕೊಡಿ. ಅದರ ಹಿಂದೆ ಯಾರನ್ನೂ ನಡೆಸಬೇಡಿ."

ಅವಳಿಗೆ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. "ಅಯ್ಯೋ ಅತ್ತಿಗೆ, ನಿಮ್ಮ ಕೆಟ್ಟ ಗಳಿಗೆ ಅಷ್ಟೇ. ಮೂವತ್ತೆಂಟು ವರ್ಷದಿಂದ ಕಿನುಯೊ ನನ್ನ ಹಿಂದೆ ಕಲ್ಲು ಆರಿಸ್ತಾ ಬರ್ತಿದ್ದಾಳೆ. ಒಂದೇ ಒಂದು ದಿನ..."

"ಮೂರು ಸಲ," ಎಂದಳು ಕಿನುಯೊ.

ನನಗೆ ಅರ್ಥವಾಗಲಿಲ್ಲ. "ಏನು ಮೂರು ಸಲ?"

"ಮೊದಲನೇ ಸಲ ನಮ್ಮ ಮಗಳು ನಾವೊ ಹೊಟ್ಟೇಲಿದ್ದಳು. ನೀವು ಯಂತ್ರ ಹಿಂದಕ್ಕೆ ತಂದ್ರಿ, ಬದುವಿನಿಂದ ಕೆಳಗೆ ಹಾರಿದೆ. ಎರಡನೇ ಸಲ ತಲೆಗೆ ಕಟ್ಟಿದ ಬಟ್ಟೆ ಅಲಗಿಗೆ ಸಿಕ್ಕಿ ಎಳೀತು. ಗಂಟು ಬಿಚ್ಚಿಕೊಳ್ತು, ಉಳಿದೆ. ಬಟ್ಟೆ ಗಾಳಿಗೆ ಹಾರಿಹೋಯ್ತು ಅಂತ ನಿಮಗೆ ಹೇಳಿದೆ. ಮೂರನೇದು ಹೋದ ಅಕ್ಟೋಬರ್‌ನಲ್ಲಿ. ನನ್ನ ಬೆನ್ನಿಗೆ ಬೇಲಿ, ಹೊಟ್ಟೆಗೆ ಯಂತ್ರ. ಮಧ್ಯೆ ಒಂದು ಗೇಣು." ಅವಳು ಬೆರಳು ಚಾಚಿ ಗೇಣು ತೋರಿಸಿದಳು. "ಅಷ್ಟರಲ್ಲಿ ನೀವು ಗೇರ್ ಬದಲಾಯಿಸಿದ್ರಿ."

ಹೋದ ಅಕ್ಟೋಬರ್. ಆ ಸಂಜೆ ಅವಳು ಹೊಸ ಅಕ್ಕಿಯ ಅನ್ನ ಬಡಿಸಿದ್ದಳು. ನಾನು ಉಪ್ಪಿನ ಮೂಲಂಗಿ ಗಟ್ಟಿಯಾಗಿದೆ ಎಂದು ಗೊಣಗಿದ್ದೆ.

"ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಹೆದರ್ತಿದ್ರಿ. ಹೆದರಿದ್ರೆ ಬಿಡ್ತಿದ್ರಿ. ನೀವು ಒಂದು ಸಲಾನೂ ತಿರುಗಿ ನೋಡ್ತಿರಲಿಲ್ಲ ಕಣ್ರೀ. ದೂರದ ಮರ ನೋಡ್ಕೊಂಡು ಓಡಿಸ್ತಿದ್ರಿ."

ನಿಜ. ಹಿಂದೆ ನೋಡಿದವನ ಸಾಲು ಸೊಟ್ಟ ಎಂದು ಅಪ್ಪ ಕಲಿಸಿದ್ದ. ಮೂವತ್ತೆಂಟು ವರ್ಷ ನಾನು ನೇರ ಸಾಲು ಹೊಡೆದಿದ್ದೆ, ಹಿಂದೆ ನನ್ನ ಹೆಂಡತಿ ಸಾವಿನಿಂದ ಹಾರಿ ಹಾರಿ ತಪ್ಪಿಸಿಕೊಳ್ಳುತ್ತಿದ್ದಳು. ಬೇರೆಯವರ ಮನೆ ಎಂಬುದೂ ನೆನಪಾಗಲಿಲ್ಲ, ಅವಳ ಮುಂದೆ ಬಗ್ಗಿ ಚಾಪೆಗೆ ಹಣೆ ಹಚ್ಚಿದೆ.

"ಬೇಡ ಬಿಡು," ಎಂದೆ. "ಯಾವ ಟ್ರ್ಯಾಕ್ಟರೂ ಬೇಡ. ಗದ್ದೆ ಬಿಟ್ಟುಬಿಡೋಣ. ಅಂಗಡಿ ಅಕ್ಕಿ ತಿನ್ನೋಣ."

ಕಿನುಯೊಗೆ ಸಿಟ್ಟು ಬಂತು. "ಬಿಡೋಕೆ ಅದು ನಿಮ್ಮೊಬ್ಬರದಾ? ಜೀವ ಕೈಯಲ್ಲಿ ಹಿಡ್ಕೊಂಡು ಒಂದೊಂದು ಕಲ್ಲೂ ಆರಿಸಿದವಳು ನಾನು. ನೀವು ಬರೀ ಮೇಲೆ ಕೂತಿದ್ರಿ!" ಆಮೇಲೆ ಅತ್ತಿಗೆಯ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು. "ಅಕ್ಕಾ, ನನಗೆ ಓಡಿಸೋಕೆ ಹೇಳಿಕೊಡ್ತೀರಾ?"

ಶಿಗೆನೊ ಅತ್ತಿಗೆ ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತ ಕೂತಳು. "ನಾನು ಅದನ್ನ ಹತ್ತಲ್ಲ," ಎಂದಳು ಕೊನೆಗೆ. "ಬದುವಿನ ಮೇಲೆ ನಿಂತು ಹೇಳ್ತೀನಿ."

ಮರುದಿನ ಹಣ ಕಟ್ಟಿದೆವು. ಮುರೋಯಿ ಯಂತ್ರ ತೊಳೆದು, ಅಲಗುಗಳನ್ನು ಬದಲಾಯಿಸಿ ಕಳಿಸಿಕೊಟ್ಟ. ನಾಲ್ಕನೆಯ ದಿನ ಬೆಳಿಗ್ಗೆ ಕಿನುಯೊ ನಮ್ಮ ಮೇಲಿನ ಗದ್ದೆಗೆ ಇಳಿದಳು, ತನ್ನದೇ ಹೂವಿನ ಚಿತ್ರದ ತಲೆಬಟ್ಟೆ ಕಟ್ಟಿಕೊಂಡು. ಉತ್ತ ಮೇಲೆ, ಯಂತ್ರ ನಿಲ್ಲಿಸಿ ಬದಿಗಿಟ್ಟು ಕಲ್ಲು ಆರಿಸುವುದು ನನ್ನ ಕೆಲಸವೆಂದು ಮೊದಲೇ ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಬದುವಿನಿಂದ ಕಾಲು ಕೆಳಗಿಡಬಾರದು.

ಅತ್ತಿಗೆ ನನ್ನ ಪಕ್ಕ ನಿಂತು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಇಂಜಿನ್ ಶುರುವಾದಾಗ ಅವಳ ಉಗುರು ನನ್ನ ಚರ್ಮಕ್ಕೆ ಚುಚ್ಚಿತು.

ಕಿನುಯೊ ಹೊರಟಳು. ಹತ್ತು ಮಾರು ಹೋಗಿ ಹಿಂದಕ್ಕೆ ತಿರುಗಿ ನೋಡಿದಳು. ಮತ್ತೆ ಹತ್ತು ಮಾರು ಹೋಗಿ ನೋಡಿದಳು. ಅವಳ ಹಿಂದೆ ಮಣ್ಣು ಬಿಟ್ಟರೆ ಏನೂ ಇರಲಿಲ್ಲ, ನಾವಿಬ್ಬರೂ ಬದುವಿನ ಮೇಲೇ ಇದ್ದೆವು, ಅದು ಅವಳಿಗೂ ಗೊತ್ತಿತ್ತು. ಆದರೂ ನೋಡುತ್ತಿದ್ದಳು. ಸಾಲು ಸೊಟ್ಟಸೊಟ್ಟವಾಗಿ ಬೀಳುತ್ತಿತ್ತು.