ಗಡ್ಡದವನ ದೋಣಿ ಹಾಡು

ನನ್ನ ಗಂಡ ಬರೆದ ಹಾಡು ಹಾಡದ ಮದುವೆಮನೆಯಿಲ್ಲ, ಗುನುಗದ ಬಸ್ ಡ್ರೈವರ್ ಇಲ್ಲ. ಇದು ನನ್ನ ಮಾತಲ್ಲ, ಅವರೇ ದಿನಕ್ಕೊಂದು ಸಲ ಹೇಳಿಕೊಳ್ಳುವುದು. ಮನುಷ್ಯ ಬಲು ಮೆತ್ತಗೆ. ಗಡ್ಡದವನ ಸುದ್ದಿ ಎತ್ತಿದರೆ ಮಾತ್ರ ಉರಿದುಬೀಳುತ್ತಾರೆ. ಗಡ್ಡದವನೂ ಸಿನಿಮಾಕ್ಕೆ ಹಾಡು ಬರೆಯುವವನೇ, ಇವರ ಜೊತೆಜೊತೆಗೇ ಮೇಲೆ ಬಂದವನು. ಅವನ ದೋಣಿ ಹಾಡು ಬಂತೆಂದರೆ ನಮ್ಮ ಮನೆಯ ರೇಡಿಯೊ ಬಾಯಿ ಮುಚ್ಚಬೇಕು.

ಇಂಥ ಮನೆಗೆ ಮಗಳು ಸೋಮವಾರ ಬೆಳಿಗ್ಗೆ ಕೂಸನ್ನು ತಂದುಬಿಟ್ಟಳು. ಹೆರಿಗೆ ರಜೆ ಮುಗಿದಿತ್ತು, ಅವತ್ತೇ ಕನ್ನಡಕದ ಅಂಗಡಿಯ ಕೆಲಸಕ್ಕೆ ವಾಪಸ್ಸು ಹೋಗುವವಳು. ಆ ಕೆಲಸವೆಂದರೆ ಅವಳಿಗೆ ಪ್ರಾಣ.

"ಮಧ್ಯಾಹ್ನ ಮಲಗದಿದ್ರೆ ಸಂಜೆ ತನಕ ಅಳ್ತಾಳಮ್ಮ. ನಿಮ್ಮ ಕೈಲಾಗಲ್ಲ ಅಂದ್ರೆ ಹೇಳ್ಬಿಡಿ, ಕೆಲಸ ಬಿಡ್ತೀನಿ. ಬೇಜಾರೇನಿಲ್ಲ" ಎಂದಳು. ಬೇಜಾರಿಲ್ಲ ಎನ್ನುವಾಗಲೇ ಕಣ್ಣು ತುಂಬಿತ್ತು. ಚಪ್ಪಲಿ ಮೆಟ್ಟಿಕೊಂಡು, ಅಪ್ಪನ ಮುಖ ನೋಡದೆ ಇನ್ನೊಂದು ಮಾತು ಸೇರಿಸಿದಳು: "ಅವಳು ಮಲಗೋದು ದೋಣಿ ಹಾಡಿಗೆ ಮಾತ್ರ. ಫೋನಲ್ಲಿ ಹಾಕಿದ್ರೆ ಆಗಲ್ಲ, ಎತ್ಕೊಂಡು ಹಾಡ್ಬೇಕು."

ಅಯ್ಯೋ, ಇವರ ಮುಖ ನೋಡಬೇಕಿತ್ತು! "ನನ್ನ ಮೊಮ್ಮಗಳಿಗೆ ಆ ಗಡ್ಡದ ಹಾಡಾ? ನಾನೇನು ಸತ್ತುಹೋಗಿದೀನಾ?"

ನಾನೇ ಹಾಡಿ ಮುಗಿಸುತ್ತಿದ್ದೆ. ಆದರೆ ನೆಗಡಿಯಿಂದ ಗಂಟಲು ಕಟ್ಟಿ ಸ್ವರವೇ ಏಳುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಕೂಸು ಕಣ್ಣುಜ್ಜಿಕೊಳ್ಳುತ್ತಲೇ ಇವರ ಹೆಗಲೇರಿತು.

ಮೊದಲು ತಮ್ಮ ಪ್ರಶಸ್ತಿ ಬಂದ ಜೋಗುಳ ಹಾಡಿದರು. ಥಿಯೇಟರಿನಲ್ಲಿ ಜನ ಬಿಕ್ಕಿಬಿಕ್ಕಿ ಅತ್ತ ಹಾಡು ಅದು. ಕೂಸೂ ಅತ್ತಿತು. ಮಳೆಯ ಹಾಡಿಗೆ ಕಾಲು ಝಾಡಿಸಿತು. ಮೂರನೆಯದಕ್ಕೆ ಇವರ ಕನ್ನಡಕ ಕಿತ್ತು ನೆಲಕ್ಕೆ ಬಿಸಾಕಿ ಮನೆ ಹಾರಿಹೋಗುವಂತೆ ಕಿರುಚಿತು.

"ಅಭಿಮಾನಿಗಳು ಜಾಸ್ತಿ ಆದ್ರು" ಎಂದೆ.

"ಸುಮ್ನಿರೇ! ಆ ದೋಣಿ ಹಾಡಲ್ಲಿ ಏನಿದೆ ಅಂತ? ಪಲ್ಲವಿ ಟ್ಯೂನಿಗೆ ಕೂತೇ ಇಲ್ಲ, ಎಳೆದೆಳೆದು ಕೂರಿಸಿದಾನೆ."

ಕೂಸಿನ ಮುಖ ಕೆಂಪಾಗಿ ಉಸಿರು ಸಿಕ್ಕಿಕೊಳ್ಳತೊಡಗಿತು. ಅಷ್ಟರಲ್ಲಿ ಮಗಳ ಫೋನ್. ಎತ್ತಿದರೆ ಅಳು ಅವಳಿಗೆ ಕೇಳಿಸುತ್ತದೆ, ಕೇಳಿಸಿದರೆ ಮನೆಗೆ ಓಡಿಬರುತ್ತಾಳೆ, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ನನಗೆ ತಡೆಯಲಾಗಲಿಲ್ಲ. "ರೀ, ನಿಮ್ಮ ಜಂಬ ದೊಡ್ಡದೋ, ಅವಳ ಕೆಲಸ ದೊಡ್ಡದೋ?" ಎಂದು ರೇಗಿದೆ.

ಅವರು ಕಿಟಕಿಯ ಕಡೆ ತಿರುಗಿ ನಿಂತರು. ದೋಣಿ ಹಾಡು ಶುರುವಾಯಿತು.

ಎರಡು ಸಾಲಿಗೆ ಅಳು ಬಿಕ್ಕಿಗೆ ಇಳಿಯಿತು. ಪಲ್ಲವಿ ಮುಗಿಯುವಷ್ಟರಲ್ಲಿ ತಲೆ ಹೆಗಲಿಗೆ ಒರಗಿತು. ನಾನು ಬೆರಗಾದದ್ದು ಅದಕ್ಕಲ್ಲ. ಒಂದಕ್ಷರ ತಡವರಿಸದೆ ಮೊದಲ ಚರಣ ಹಾಡಿದರು, ಆಮೇಲೆ ರೇಡಿಯೊದವರೂ ಕತ್ತರಿಸಿಬಿಡುವ ಎರಡನೇ ಚರಣವನ್ನೂ ಹಾಡಿದರು. ಕೊನೆಕೊನೆಗೆ ಕಣ್ಣು ಮುಚ್ಚಿಕೊಂಡಿದ್ದರು.

ಕೂಸನ್ನು ಹಾಸಿಗೆಯಲ್ಲಿ ಮಲಗಿಸಿದ ಮೇಲೆ ಕೇಳಿದೆ, "ಇದನ್ನೆಲ್ಲ ಯಾವಾಗ್ರೀ ಕಲಿತಿದ್ದು?"

"ಹೊಟ್ಟೆಕಿಚ್ಚಲ್ಲಿ ಬಾಯಿಪಾಠ ಆಗಿದ್ದು ಮರೆಯುತ್ತೇನೇ?" ಎಂದು ನಕ್ಕರು.

ಮಗಳಿಗೆ 'ಮಲಗಿದ್ದಾಳೆ' ಎಂದು ಮೆಸೇಜು ಕಳಿಸಿದೆ. ಕುಣಿಯುವ ಗೊಂಬೆಯ ಚಿತ್ರ ಬಂತು. ಜೀವ ಹಗುರಾಯಿತು.

ಇವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಯಾರಿಗೋ ಹಚ್ಚಿದರು. ಸ್ಪೀಕರ್ ಗುಂಡಿ ಒತ್ತಿಹೋಗಿತ್ತು, ಇವರಿಗೆ ಅದು ಗೊತ್ತಾಗಲಿಲ್ಲ.

"ಏನಯ್ಯಾ ಗಡ್ಡ... ನಿನ್ನ ದೋಣಿ ಹಾಡಿನ ಎರಡನೇ ಚರಣ ಇದೆಯಲ್ಲ, ಚೆನ್ನಾಗಿದೆ ಕಣಯ್ಯಾ. ಬಹಳ ಚೆನ್ನಾಗಿದೆ."

ಆ ಕಡೆಯಿಂದ ಮುದಿ ದನಿ ಗಾಬರಿಯಿಂದ ಬಂತು. "ನೀನು ಹುಷಾರಾಗಿದೀಯ ತಾನೇ? ಮನೇಲಿ ಎಲ್ಲಾ ಕ್ಷೇಮನಾ?"

"ಎಲ್ಲಾ ಚೆನ್ನಾಗಿದೀವಿ."

"ಹಾಗಾದ್ರೆ ಇನ್ನೊಂದ್ಸಲ ಹೇಳು. ಜೋರಾಗಿ ಹೇಳು, ನನ್ನ ಹೆಂಡತಿಗೂ ಕೇಳಿಸ್ಲಿ!"

"ಜೋರಾಗಿ ಆಗಲ್ಲ ಕಣಯ್ಯಾ" ಎಂದರು ಇವರು, ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಮಾತಿನಲ್ಲಿ. "ನಿನ್ನ ಹಾಡು ಕೇಳಿ ನನ್ನ ಮೊಮ್ಮಗಳು ಮಲಗಿದಾಳೆ."

ಆ ಕಡೆಯ ದನಿಯೂ ಪಿಸುಮಾತಿಗೆ ಇಳಿಯಿತು. "ಹಾಗಾದ್ರೆ ಮೆಲ್ಲಗೇ ಹೇಳು." ಇವರು ಇನ್ನೊಂದು ಸಲ ಹೇಳಿದರು.