ಕ್ರಾಸಿನ ಮಳಿಗೆಗಳು

ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕೂಡಿಸಿದ್ದ ಅಪ್ಪನ ಹೆಣಕ್ಕೆ ಗವಿಸಿದ್ದೇಶ ಹಗ್ಗ ಬಿಗಿಯುತ್ತಿದ್ದಾಗ ಅವನ ತಾಯಿ ಗುರುಲಿಂಗಮ್ಮ ಹೊರಗೆ ಬಂದಳು.

“ಕ್ರಾಸಿನ ಮ್ಯಾಲೆ ಹಾಯ್ದು ಹೋಗ್ರಿ. ನಾನೂ ಬರ್ತೀನಿ.”

ಭಜನೆಯವರ ತಾಳ ನಿಂತಿತು. ಕ್ರಾಸಿನಲ್ಲಿ ಗಂಡ ಹಂಪಣ್ಣ ಕಟ್ಟಿಸಿದ ಮಳಿಗೆಗಳ ಕಡೆ ಆಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲವೆಂಬುದು ಓಣಿಗೆಲ್ಲ ಗೊತ್ತಿತ್ತು.

“ಅವ್ವ, ಸುತ್ತಾಗತೈತಿ. ಬಿಸಲು ಭಾಳ ಐತಿ.”

“ಅವರು ದಿನಾ ಸೈಕಲ್ ಮ್ಯಾಲೆ ಇದ ಬಿಸಲಾಗ ಹೋಗತಿದ್ರು. ನಡಿ.”

*

ಹಂಪಣ್ಣ ಕುಷ್ಟಗಿಯಲ್ಲಿ ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಮನೆಗೆಂದು ಕೂಡಿಟ್ಟದ್ದಕ್ಕೆ ಹೆಂಡತಿಯ ತವರಿನಿಂದ ಬಂದ ಬಂಗಾರವನ್ನೂ ಸೇರಿಸಿ, ಊರ ಹೊರಗೆ ಹಳ್ಳಿಗಳ ದಾರಿ ಹೆದ್ದಾರಿಗೆ ಕೂಡುವಲ್ಲಿ ಜಾಗ ಕೊಂಡ.

“ನಾಯಿ ಸೈತ ನಿಲ್ಲದ ಜಾಗಾದಾಗ ಅಂಗಡಿ ಕಟ್ಟತೀರೇನು? ನಮಗ ತಲಿ ಮ್ಯಾಲೊಂದು ಸೂರು ಬ್ಯಾಡೇನು?”

“ಸುಗ್ಗಿಯಿಂದ ಸುಗ್ಗಿತನಕ ಅಲ್ಲೇ ಕುಂತು ನೋಡೇನಿ. ಸುತ್ತಿನ ಹಳ್ಳಿ ಮಂದಿ ಅಲ್ಲೇ ಇಳದು ದಾರಿ ಹಿಡೀತಾರ. ತಡ ಆಗತೈತಿ ಖರೆ. ತಾಳಬೇಕು.”

“ತಾಳೂದು ನೀವಲ್ಲ, ನಾನು.”

ಮಳಿಗೆಗಳು ಎದ್ದವು, ಯಾರೂ ಬರಲಿಲ್ಲ. ದಿನ ಬೆಳಗ್ಗೆ ಅವನು ಖಾಲಿ ಮಳಿಗೆಗಳ ಶಟರು ಎತ್ತಿ, ಕಸ ಗುಡಿಸಿ, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ. ಸಾರಾಯಿ ಅಂಗಡಿಯವನೊಬ್ಬ ಇಡೀ ಸಾಲನ್ನೇ ಬಾಡಿಗೆಗೆ ಕೇಳಿದ. “ಜಾಗಾದ ಹೆಸರು ಒಮ್ಮೆ ಕೆಟ್ರ ತೊಳದ್ರ ಹೋಗಂಗಿಲ್ಲ” ಎಂದು ಹಂಪಣ್ಣ ಅವನನ್ನು ಕಳಿಸಿಬಿಟ್ಟ. ಆ ಮಳೆಗಾಲ, ಬಾಡಿಗೆ ಮನೆಯ ಸೋರುವ ಮಾಳಿಗೆಯ ಕೆಳಗೆ ಪಾತ್ರೆಗಳನ್ನಿಡುತ್ತ ಗುರುಲಿಂಗಮ್ಮ ಗಂಡನೊಡನೆ ಮಾತು ಬಿಟ್ಟಳು.

ವರ್ಷಗಳ ಮೇಲೆ ಮಳಿಗೆಗಳು ತುಂಬಿದವು. ಹಂಪಣ್ಣ ಮನೆಯನ್ನೂ ಕಟ್ಟಿಸಿದ. ಗೃಹಪ್ರವೇಶದ ದಿನ, “ಈಗರ ಒಮ್ಮೆ ಕ್ರಾಸಿಗೆ ಬಾ” ಎಂದು ಕರೆದ. ಆಕೆ ಹೋಗಲಿಲ್ಲ. ಅವನು ಮತ್ತೆ ಕರೆಯಲಿಲ್ಲ.

*

ಕ್ರಾಸಿನಲ್ಲಿ ಅಂಗಡಿಯವರೆಲ್ಲ ಶಟರು ಎಳೆದು, ಹಾರ ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮೊದಲು ಮಳಿಗೆ ಹಿಡಿದಿದ್ದ ಟೇಲರ್ ಮಾಜೀದ ಹತ್ತಿರ ಬಂದ.

“ಅಮ್ಮಾರ, ನಾ ಬಂದ ವರ್ಷ ಒಬ್ಬ ಗಿರಾಕಿನೂ ಇರಲಿಲ್ರಿ. ಮಷೀನ್ ಹೊತ್ಕೊಂಡು ಹೋಗಾಕ ನಿಂತಿದ್ದೆ. ಸಾವ್ಕಾರ್ರು ದಿನಾ ಸಂಜಿಗೆ ಬಂದು ನನ್ನ ಅಂಗಡ್ಯಾಗ ಕುಂಡ್ರತಿದ್ರು. ಮಂದಿ ಕುಂತಲ್ಲೆ ಮಂದಿ ಬರತಾರ ಮಾಜೀದ, ಅಂತಿದ್ರು. ಒಂದ ಅಂಗೀನ ಹೊಲಿಗಿ ಬಿಚ್ಚಿಸಿ ಬಿಚ್ಚಿಸಿ ಮತ್ತ ಹೊಲಿಸ್ಯಾರ್ರಿ…” ನಗಲು ಹೋಗಿ ಅವನು ಬಿಕ್ಕಿದ.

“ಸಂಜಿಗೆ ಮನಿಗೆ ಬರತಿರಲಿಲ್ಲ,” ಎಂದಳು ಗುರುಲಿಂಗಮ್ಮ ಮೆಲ್ಲಗೆ. “ಇಲ್ಲಿರತಿದ್ರೇನು.”

ಅಂಗಡಿಯವರು ಒಬ್ಬೊಬ್ಬರಾಗಿ ಹಾರ ಹಾಕಿದರು. ಗುರುಲಿಂಗಮ್ಮ ಗಂಡನ ಹಣೆಯ ವಿಭೂತಿಯನ್ನು ಬೆರಳಿನಿಂದ ಸರಿಮಾಡಿ ಟ್ರಾಲಿಯಿಂದ ಇಳಿದಳು.

“ನೀವು ಮುಂದ ಹೋಗ್ರಿ. ಮಣ್ಣು ಮಾಡಿ ಬರ್ರಿ. ನಾ ಇಲ್ಲೇ ಕುಂಡ್ರತೀನಿ.”

ಟ್ರ್ಯಾಕ್ಟರ್ ಹೊರಟಿತು. ಆಕೆ ಮಾಜೀದನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಭಜನೆಯ ದನಿ ಅಡಗುವವರೆಗೂ ಆ ಕಡೆಗೇ ನೋಡಿದಳು.

ಬಸ್ಸೊಂದು ಬಂದು ನಿಂತಿತು. ಬಗಲಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದ ಹೆಣ್ಣುಮಗಳೊಬ್ಬಳು ಇಳಿದು, ಮುಚ್ಚಿದ ಅಂಗಡಿಗಳನ್ನೆಲ್ಲ ನೋಡಿ ಇತ್ತ ಬಂದಳು.

“ಆಯಿ, ಇಲ್ಲಿ ಕುಂಡ್ರಲೇನ್ರಿ?”

ಗುರುಲಿಂಗಮ್ಮ ಪಕ್ಕಕ್ಕೆ ಸರಿದು, ಮೆಟ್ಟಿಲ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.